ಓಟ್ಸಿನ ಬುಡದಲ್ಲಿ

"ಅಳಿಯನಾ? ಇವನಾ?" ವಾಸುದೇವ ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನು ಅಳಿಯ ಅಲ್ಲ ಮಾರಾಯ್ರೆ, ಅಕ್ಕನ ಮಗ. ಸಗಣಿ ಬಾಚಲಿಕ್ಕೆ ಒಂದು ಜನ ಬೇಕಿತ್ತು, ಇಟ್ಟುಕೊಂಡಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತು ಬೆಂಚು ಸವೆಸಿದ್ದು ಬಿಟ್ಟರೆ ಬೇರೆ ಎಂತದೂ ಮಾಡಿದವ ಅಲ್ಲ. ನನ್ನ ಅಳಿಯ ಅಂದ್ರೆ ಅಗೊ, ಅಲ್ಲಿ ನೀರಿನಲ್ಲಿ ನಿಂತಿದ್ದಾರಲ್ಲ, ಅವರು."

ಕೇಳಿದ್ದವರು ಭೀಮಸೇನ ರಾಯರು. ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಬರೋಡದಲ್ಲೇ ಉಳಿದುಬಿಟ್ಟ ಧಾರವಾಡದವರು. ಭಾನುವಾರವೆಂದು ಕನ್ನಡ ಸಂಘದ ನಾಲ್ಕು ಮನೆಯವರು ಶೆಟ್ಟರ ಜಮೀನು ನೋಡಲು ಪಾದರಾ ರಸ್ತೆಯವರೆಗೆ ಬಂದಿದ್ದರು. "ಹೌದೇನ್ರಿ? ನಾ ಇವರನ್ನ ನಿಮ್ಮ ಅಳಿಯಾ ಅಂತ ತಿಳಕೊಂಡಿದ್ದೆ ನೋಡ್ರಿ," ಎಂದು ರಾಯರು ಕನ್ನಡಕ ಸರಿಮಾಡಿಕೊಂಡರು. ಅವರ ಹೆಂಡತಿ ರಮಾಮಣಿ ಮಾತ್ರ ನಗಲಿಲ್ಲ. ಉಳಿದವರೆಲ್ಲ ನಕ್ಕರು.

ಪ್ರವೀಣ ಬೀಜದ ಬುಟ್ಟಿ ಹಿಡಿದುಕೊಂಡು ಬದುವಿನ ಮೇಲೆ ನಿಂತಿದ್ದ. ಮಾವ ಬೈಯುವುದು ಹೊಸದಲ್ಲ. ಆದರೆ ಬೈಯುವುದಾದರೆ ತುಳುವಿನಲ್ಲಿ ಬೈಯುತ್ತಿದ್ದರು, ಮನೆಯೊಳಗೇ ಮುಗಿಯುತ್ತಿತ್ತು. ಇವತ್ತಿನದು ಕನ್ನಡದಲ್ಲಿ. ಎಲ್ಲರಿಗೂ ಅರ್ಥವಾಗಲಿ ಎಂದೇ ಕನ್ನಡದಲ್ಲಿ.

ಹತ್ತು ವರ್ಷದ ಹಿಂದೆ ಅವನು ಕಾರ್ಕಳದಿಂದ ಬಸ್ಸು, ರೈಲು ಹತ್ತಿ ಅಲ್ಕಾಪುರಿಯ ಮಾವನ ಹೋಟೆಲಿಗೆ ಬಂದಾಗ ಇದೇ ಮಾವ ಗಲ್ಲಾದ ಹಿಂದಿನಿಂದ ಎದ್ದು ಬಂದು, ಗಿರಾಕಿಗಳ ಎದುರು ಅವನ ಹೆಗಲ ಮೇಲೆ ಕೈಹಾಕಿ "ನನ್ನ ಅಳಿಯ" ಎಂದಿದ್ದರು. "ನಮ್ಮಲ್ಲಿ ಅಳಿಯ ಅಂದ್ರೆ ಸಾಮಾನ್ಯ ಅಲ್ಲ. ಹಿಂದಿನ ಕಾಲ ಆಗಿದ್ರೆ ಆಸ್ತಿ ಎಲ್ಲ ಅಕ್ಕನ ಮಗನಿಗೇ. ನನ್ನ ಮಗಳಿಗೆ ನಾಮ!" ಎಂದು ತಮಾಷೆ ಮಾಡಿದ್ದರು. ತಮಾಷೆಯೇ. ಆ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು, ಅದು ಪ್ರವೀಣನಿಗೂ ಗೊತ್ತಿತ್ತು. ಆದರೂ ಆ ಮಾತನ್ನು ಅವನು ಎಲ್ಲೋ ಒಳಗೆ ಮಡಚಿ ಇಟ್ಟುಕೊಂಡಿದ್ದ.

ಮಾವನ ಮಗಳು ನಮಿತಾ ಆಗ ಸಣ್ಣವಳು. ಬರೋಡದಲ್ಲೇ ಹುಟ್ಟಿ ಬೆಳೆದವಳಿಗೆ ಊರಿನ ರೀತಿ ಗೊತ್ತಿರಲಿಲ್ಲ. ಶಾಲೆಯ ಹುಡುಗಿಯರನ್ನು ನೋಡಿ ಒಂದು ರಾಖಿ ತಂದು ಅವನ ಕೈಗೆ ಕಟ್ಟಿಬಿಟ್ಟಳು. ಸಾವಿತ್ರಿ ಅತ್ತೆ ಹಣೆ ಬಡಿದುಕೊಂಡರು. "ಅಯ್ಯೋ ದೇವರೇ, ಸೋದರತ್ತೆ ಮಗನಿಗೆ ರಾಖಿ ಕಟ್ಟುವುದಾ! ಊರಲ್ಲಿ ಕೇಳಿದ್ರೆ ನಗಾಡ್ತಾರೆ." ನಮಿತಾ ಕಣ್ಣು ಪಿಳಿಪಿಳಿ ಬಿಟ್ಟು, "ಕಸಿನ್ ಅಂದ್ರೆ ಭಾಯಿ ಅಲ್ವಾ ಮಮ್ಮಿ?" ಎಂದಿದ್ದಳು. ಆಮೇಲೆ ಪ್ರತಿ ವರ್ಷ ಕಟ್ಟಿದಳು. ಪ್ರವೀಣನೂ ಕೈ ಚಾಚಿದ. ಅವಳನ್ನು ಅವನು ಬೇರೆ ರೀತಿ ನೋಡಿದವನೇ ಅಲ್ಲ. ಹಾಗಾಗಿ ಇವತ್ತು ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ನಮಿತಾಳಿಗಾಗಿ ಅಲ್ಲ.

ನೀರಿನಲ್ಲಿ ನಿಂತಿದ್ದವನು ಹರೀಶ್ ಹೆಗ್ಡೆ. ಅಹಮದಾಬಾದಿನ ಮಣಿನಗರದಲ್ಲಿ ಬೆಳೆದವನು, ಕೃಷಿ ಪದವಿ ಓದಿದವನು, ನವರಂಗಪುರದ ಒಂದು ಬೀಜದ ಕಂಪನಿಯಲ್ಲಿ ಕೆಲಸ. ನಮಿತಾಳ ಜೊತೆ ನಿಶ್ಚಿತಾರ್ಥವಾಗಿ ಎರಡು ತಿಂಗಳು, ಮೇ ತಿಂಗಳಲ್ಲಿ ಮದುವೆ. ಜೀನ್ಸ್ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ನಾಲ್ಕು ಬೆರಳು ನೀರು ನಿಂತ ಮಡಿಯಲ್ಲಿ ನಡೆಯುತ್ತ ಬರ್ಸೀಮ್ ಎಂಬ ಮೇವಿನ ಬೀಜ ಎರಚುತ್ತಿದ್ದ. ನಮಿತಾ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು.

ಎರಚುವುದು ಯಾವ ದೊಡ್ಡ ಕೆಲಸ! ಅದಕ್ಕೆ ಮುಂಚಿನದ್ದನ್ನೆಲ್ಲ ಮಾಡಿದವನು ಪ್ರವೀಣ. ಆರು ಬಿಘಾ ನೆಲ ಉತ್ತು, ಓಟ್ಸ್ ಬೀಜ ಮಣ್ಣಿಗೆ ಸೇರಿಸಿ, ಮಡಿ ಕಟ್ಟಿ, ನೀರು ಬಿಟ್ಟವನು ಅವನು. ಬರ್ಸೀಮ್ ಬೀಜವನ್ನು ಉಪ್ಪುನೀರಿಗೆ ಹಾಕಿ, ಮೇಲೆ ತೇಲಿದ ಕಳೆಬೀಜ ತೆಗೆದು, ತೊಳೆದು, ಬೇರಿಗೆ ಬೇಕಾದ ಜೀವಾಣುವಿನ ಕಲ್ಚರ್ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಒಣಗಿಸಿದವನು ಅವನು. ಅವನ ಬೆರಳ ಸಂದಿಯಲ್ಲಿ ಬೆಲ್ಲದ ಅಂಟು ಇನ್ನೂ ಇತ್ತು.

ಅಷ್ಟೇ ಅಲ್ಲ. ಎರಡನ್ನೂ ಕೂಡಿಸಿ ಬಿತ್ತುವುದನ್ನು ಈ ಜಮೀನಿನಲ್ಲಿ ಮೊದಲು ಮಾಡಿ ನೋಡಿದವನೂ ಅವನೇ. ಬರ್ಸೀಮ್ ನೋಡಲು ಮೆಂತೆ ಸೊಪ್ಪಿನ ಹಾಗೆ, ಮೂರೆಲೆ, ಹಸುಗಳಿಗೆ ಪ್ರಾಣ. ಆದರೆ ಅದೊಂದನ್ನೇ ಹಸಿಯಾಗಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಹೋದ ವರ್ಷ ಕಾಬರಿ ಎಂಬ ಹಸು ಹೊಟ್ಟೆ ಉಬ್ಬಿ ನೆಲಕ್ಕೆ ಬಿದ್ದಾಗ ಎಣ್ಣೆ ಕುಡಿಸಿ ಉಳಿಸಿಕೊಂಡಿದ್ದ. ಆಮೇಲೆ ಪಕ್ಕದ ಜಮೀನಿನ ಜಶುಭಾಯಿ ಹೇಳಿದಂತೆ ಒಂದೇ ಒಂದು ಮಡಿಯಲ್ಲಿ ಓಟ್ಸ್ ಕೂಡಿಸಿ ಹಾಕಿದ. ಮೊದಲ ಕೊಯ್ಲಿಗೇ ರಾಶಿ ಮೇವು, ಒಂದು ಹಸುವಿಗೂ ಉಬ್ಬರವಿಲ್ಲ. ಹೆಣ್ಣು ನೋಡಲು ಬಂದ ಹರೀಶನಿಗೆ ಅದನ್ನೆಲ್ಲ ವಿವರವಾಗಿ ಹೇಳಿದ್ದ, ಮೂರ್ಖನ ಹಾಗೆ. ಹರೀಶ ಆ ಮಡಿಯ ಫೋಟೋ ಹೊಡೆದುಕೊಂಡು ಹೋದ. ಮುಂದಿನ ಸಲ ಬರುವಾಗ ಬಣ್ಣದ ಚಾರ್ಟು, ತಾರೀಖು, ಪ್ರಿಂಟು ಹಾಕಿದ ಯೋಜನೆ ಅವನ ಕೈಯಲ್ಲಿತ್ತು. ಮಾವ ಅದನ್ನು ಲ್ಯಾಮಿನೇಟ್ ಮಾಡಿಸಿ ಹೋಟೆಲಿನಲ್ಲಿ ದೇವರ ಪಟದ ಕೆಳಗೆ ತೂಗುಹಾಕಿದರು.

"ಹರೀಶರ ಐಡಿಯಾ," ಶೆಟ್ಟರು ಈಗ ರಾಯರಿಗೆ ವಿವರಿಸುತ್ತಿದ್ದರು. "ಧಾನ್ಯದ ಮೇವು ಮೇಲೆ, ಬರ್ಸೀಮ್ ಕೆಳಗೆ. ಇದೊಂದು ಬೆಳೆ ಅವರು ಹೇಳಿದ ಹಾಗೆ ಬಂತು ಅಂತಾದ್ರೆ ಮದುವೆ ಆದ ಮೇಲೆ ಜಮೀನು, ಹಸು ಎಲ್ಲ ಅವರ ಕೈಗೆ. ಕೆಲಸ ಬಿಟ್ಟು ಡೈರಿ ಮಾಡ್ತಾರಂತೆ."

"ಮತ್ತ ಇವರು?" ರಾಯರು ಪ್ರವೀಣನ ಕಡೆ ಗದ್ದ ಎತ್ತಿ ತೋರಿಸಿದರು.

"ಇವನಿಗೆಂತ? ಸೂರತ್ತಿನಲ್ಲಿ ಹೊಸ ಬ್ರಾಂಚು ತೆರೀತೇವಲ್ಲ. ಗ್ರೈಂಡರ್ ಹತ್ರ ನಿಂತ್ಕೊಳ್ಳಲಿಕ್ಕೆ ಒಂದು ಜನ ಬೇಕೇ ಬೇಕು."

ಇದು ಪ್ರವೀಣನಿಗೆ ಹೊಸ ಸುದ್ದಿ. ಹಿಟ್ಟಿನ ಹುಳಿವಾಸನೆ, ಕಿಟಕಿಯಿಲ್ಲದ ಗೋಡೆ, ಗ್ರೈಂಡರಿನ ಗರಗರ. ಅಲ್ಕಾಪುರಿಯ ಅಂಥದೇ ಕೋಣೆಯಿಂದ ತಪ್ಪಿಸಿಕೊಂಡೇ ಅವನು ಈ ಹದಿನಾಲ್ಕು ಹಸುಗಳ ಹತ್ತಿರ ಬಂದದ್ದು. ಬುಟ್ಟಿಯನ್ನು ಕೆಳಗಿಟ್ಟು ನೀರಿಗಿಳಿದ.

"ಹರೀಶಣ್ಣ, ಓಟ್ಸ್ ಎದ್ದು ನಿಂತ್ರೆ ಬುಡದಲ್ಲಿರುವುದಕ್ಕೆ ಬಿಸಿಲು ಬೀಳುವುದಿಲ್ಲ. ಮೊದಲ ಕೊಯ್ಲು ತಡ ಆಗಬಾರದು. ನಾನು ಹೋದ ಸಲ ಐವತ್ತೆರಡನೇ ದಿನಕ್ಕೇ..."

"ಟೆನ್ಶನ್ ಯಾಕೆ ಪ್ರವೀಣ್‌ಭಾಯ್?" ಹರೀಶ ಮುಖ ತುಂಬ ನಕ್ಕ. ಅವನ ಕನ್ನಡ ಎಲ್ಲೆಲ್ಲಿಂದಲೋ ಸೇರಿಸಿ ಹೊಲಿದ ಹಾಗಿತ್ತು. "ಐವತ್ತೈದು ಡೇಸ್‌ಗೆ ನಾನೇ ಬರ್ತೀನಿ. ನೋಡಿ ಡಿಸೈಡ್ ಮಾಡೋಣ."

ಬದುವಿನ ಮೇಲಿನಿಂದ ಮಾವನ ಧ್ವನಿ ಬಂತು. "ಕೇಳಿತಾ? ಅವರು ಹೇಳದೆ ಒಂದು ಕಡ್ಡಿ ಮುಟ್ಟಬಾರದು ನೀನು. ಚಾರ್ಟು ಓದಲಿಕ್ಕೆ ಬರದವ ಅವರಿಗೆ ಪಾಠ ಹೇಳಲಿಕ್ಕೆ ಹೋಗ್ತಾನೆ!"

ಮತ್ತೆ ನಗು. ಪ್ರವೀಣ ಹಲ್ಲು ಕಚ್ಚಿ "ಆಯ್ತು ಮಾವ" ಎಂದ. ಮುಟ್ಟುವುದಿಲ್ಲ. ಆಣೆಗೂ ಮುಟ್ಟುವುದಿಲ್ಲ.

ಬೆಳೆ ಎದ್ದಿತು. ಹೊಟ್ಟೆಕಿಚ್ಚಿಗೆ ಅದಕ್ಕಿಂತ ದೊಡ್ಡ ಗೊಬ್ಬರ ಬೇಕಿರಲಿಲ್ಲ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಅವನು ಬದುವಿನ ಮೇಲೆ ನಡೆಯುವಾಗ ಓಟ್ಸಿನ ಎಸಳುಗಳು ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿದ್ದವು, ನಡುವೆ ಬರ್ಸೀಮಿನ ಮೂರೆಲೆಗಳು ನೆಲ ಕಾಣದಂತೆ ಹರಡಿದ್ದವು. ಅಷ್ಟು ಒಳ್ಳೆಯ ಬೆಳೆಯನ್ನು ಅವನು ಕಂಡೇ ಇರಲಿಲ್ಲ. ತನ್ನ ಕೈಯಿಂದ ಬಂದದ್ದು, ತನ್ನದಲ್ಲ. ವಾರಕ್ಕೊಮ್ಮೆ ಹರೀಶನಿಗೆ ಫೋಟೋ ಕಳಿಸಬೇಕಿತ್ತು. ಕಳಿಸಿದರೆ ಒಂದು ಹೆಬ್ಬೆರಳಿನ ಚಿತ್ರ ವಾಪಸು ಬರುತ್ತಿತ್ತು. ಅದೇ ಫೋಟೋ ಸಂಜೆ ಸಂಘದ ಗ್ರೂಪಿನಲ್ಲಿ ಮಾವನ ಹೆಸರಿನಿಂದ ಬರುತ್ತಿತ್ತು: 'ನಮ್ಮ ಅಳಿಯಂದಿರ ಬೆಳೆ.' ಕೆಳಗೆ ಹೂವು, ಚಪ್ಪಾಳೆ.

ಮಾವನ ಕಾರು ಬಂದಾಗಲೆಲ್ಲ ಹರೀಶರು ಹೀಗೆಂದರು, ಹರೀಶರು ಹಾಗೆಂದರು. ಹರೀಶರಿಗೆ ಸಕ್ಕರೆ ಕಡಿಮೆ ಕಾಫಿ. ಹರೀಶರಿಗೆ ಕಾಬರಿಯ ಹಾಲಿನ ಮೊಸರೇ ಆಗಬೇಕು. ಪ್ರವೀಣ ಆ ಮೊಸರಿನ ಹಾಲು ಕರೆಯುವಾಗ ಕಾಬರಿ ತಲೆ ತಿರುಗಿಸಿ ನೋಡುತ್ತಿತ್ತು. ಕೈ ಅಷ್ಟು ಬಿಗಿಯಾಗುತ್ತಿತ್ತು.

ಐವತ್ತೆರಡನೇ ದಿನ ಅವನು ಮಡಿಯೊಳಗೆ ಇಳಿದು ಓಟ್ಸನ್ನು ಎರಡೂ ಕೈಯಿಂದ ಬಿಡಿಸಿ ಬಗ್ಗಿ ನೋಡಿದ. ಬರ್ಸೀಮ್ ಬಿಸಿಲಿಗಾಗಿ ಕತ್ತು ಉದ್ದ ಮಾಡಿಕೊಂಡಿತ್ತು. ಇವತ್ತು ಕೊಯ್ದರೆ ಸರಿ. ಕುಡುಗೋಲು ಸೊಂಟದಲ್ಲೇ ಇತ್ತು. ಕೈ ಅದರ ಹಿಡಿಯವರೆಗೆ ಹೋಯಿತು. ಒಂದು ಕಡ್ಡಿ ಮುಟ್ಟಬಾರದು. ಕೈ ವಾಪಸು ಬಂತು.

ಐವತ್ತೈದನೇ ದಿನ ಹರೀಶ ಬರಲಿಲ್ಲ. ಸೂರತ್ತಿನಲ್ಲಿ ಡೀಲರುಗಳ ಮೀಟಿಂಗು ಇತ್ತಂತೆ. ಅರವತ್ತನೇ ದಿನವೂ ಬರಲಿಲ್ಲ. ಬದುವಿನಾಚೆ ಜಶುಭಾಯಿ ತನ್ನ ಮೊದಲ ಕೊಯ್ಲು ಮುಗಿಸಿ ಬೀಡಿ ಹಚ್ಚಿದ್ದ. "ಏ ದೀಕರಾ, ಏನು ಗೋಧಿ ಬೆಳೀತಿದ್ದೀಯಾ? ಕೊಯ್ಯೋ ಅದನ್ನ!" ಎಂದು ಗುಜರಾತಿಯಲ್ಲಿ ಕೂಗಿದ. "ಸಾಹೇಬರು ಬರಬೇಕು ಕಾಕಾ," ಎಂದ ಪ್ರವೀಣ. ಹಾಗೆ ಹೇಳುವಾಗ ನಾಲಿಗೆಗೆ ಏನೋ ರುಚಿ ಹತ್ತಿತು. ಇಷ್ಟು ದಿನದಲ್ಲಿ ಮೊದಲ ಸಲ ಎದೆ ಹಗುರವಾಯಿತು.

ಆಮೇಲೆ ಅವನು ದಿನಾ ಬಗ್ಗಿ ನೋಡಿದ. ಮೇಲೆ ಹಸಿರು ಏರುತ್ತಿತ್ತು, ಬುಡದಲ್ಲಿ ಹಳದಿ ಇಳಿಯುತ್ತಿತ್ತು. ಎರಡೂ ಗೊತ್ತಿದ್ದವನು ಅವನೊಬ್ಬನೇ.

ಉತ್ತರಾಯಣದ ದಿನ, ಅಂದರೆ ಸಂಕ್ರಾಂತಿಗೆ, ಎಲ್ಲರೂ ಬಂದರು. ಶೆಡ್ಡಿನ ಪಕ್ಕದ ಮನೆಯ ತಾರಸಿಯಲ್ಲಿ ಗಾಳಿಪಟ, ಸ್ಪೀಕರಿನಲ್ಲಿ ಹಾಡು, ತಿನ್ನಲು ಉಂಧಿಯು ಪಲ್ಯ, ಜಲೇಬಿ. ಆಕಾಶದ ತುಂಬ ಪಟ. ಪಟವೊಂದು ಕತ್ತರಿಸಿದಾಗಲೆಲ್ಲ ಸುತ್ತಲಿನ ತಾರಸಿಗಳಿಂದ "ಕಾಯ್ಪೋ ಛೇ" ಎಂಬ ಕೂಗು. ತಾರಸಿಯಿಂದ ನೋಡಿದರೆ ಓಟ್ಸ್ ಎದೆಯೆತ್ತರಕ್ಕೆ ನಿಂತು ಗಾಳಿಗೆ ಅಲೆ ಅಲೆಯಾಗಿ ಬಾಗುತ್ತಿತ್ತು. ಭೀಮಸೇನ ರಾಯರು ಕಣ್ಣಿಗೆ ಕೈ ಅಡ್ಡ ಹಿಡಿದು, "ಏನ್ ಪೀಕರೀ ಶೆಟ್ರ! ಭಾಳ ಛಲೋ ಬಂದದ ಬಿಡ್ರಿ," ಎಂದರು. ಮಾವ ಹಿಗ್ಗಿ ಹರೀಶನ ಬೆನ್ನು ತಟ್ಟಿದರು. ಹಿಂದೆ ಅದೇ ಕೈ ಬೇರೆಯವನ ಹೆಗಲ ಮೇಲಿತ್ತು.

ಹರೀಶ ಕೆಳಗಿಳಿದು ಬಂದ. ಬಿಳಿ ಬೂಟು. ಬದುವಿನ ಅಂಚಿನಲ್ಲಿ ನಿಂತು ನಮಿತಾಳ ಕೈಯಲ್ಲಿ ಎರಡು ಫೋಟೋ ತೆಗೆಸಿಕೊಂಡ. ಆಮೇಲೆ ಏನೋ ನೆನಪಾದವನಂತೆ ಮೇವು ಹೊರುತ್ತಿದ್ದ ಪ್ರವೀಣನನ್ನು ಕರೆದ. "ಪ್ರವೀಣ್‌ಭಾಯ್, ಕೆಳಗೆ ಬರ್ಸೀಮ್ ಇದೆ ಅಲ್ವಾ?"

ಪ್ರವೀಣ ಹೊರೆ ಇಳಿಸಲಿಲ್ಲ. "ಉಂ...ಟು," ಎಂದ.

ಊರಿನಲ್ಲಿ ಮಜ್ಜಿಗೆ ಉಂಟಾ ಎಂದು ಕೇಳಿದಾಗ 'ಉಂಟು' ಎಂದು ಚಿಕ್ಕದಾಗಿ ಹೇಳಿದರೆ ಲೋಟ ಹಿಡಿಯಬಹುದು. 'ಉಂ...ಟು' ಎಂದು ಎಳೆದರೆ ಭರಣಿಯ ತಳದಲ್ಲಿ ನಾಲ್ಕು ಹನಿ ಉಳಿದಿದೆ ಎಂದರ್ಥ. ಕೇಳಿದವರು ಬೇಡ ಬಿಡಿ ಎಂದು ಎದ್ದು ಹೋಗುತ್ತಾರೆ. ಅಲ್ಲಿ ಬೆಳೆದವನಾಗಿದ್ದರೆ ಹರೀಶ ಆ ಎಳೆತ ಕೇಳಿಯೇ ಬೂಟು ಬಿಚ್ಚಿ ಒಳಗಿಳಿಯುತ್ತಿದ್ದ. ಮಣಿನಗರದ ಹರೀಶನಿಗೆ ಅದು ಬರೀ 'ಹೌದು' ಎಂದು ಕೇಳಿಸಿತು.

"ಗುಡ್. ಇನ್ನೊಂದು ವೀಕ್ ಬಿಡೋಣ. ವೇಯ್ಟ್ ಬರ್ಲಿ," ಎಂದು ಅವನು ತಾರಸಿಗೆ ಓಡಿದ. ಅವನ ಪಟದ ದಾರವನ್ನು ಯಾರೋ ಕತ್ತರಿಸುತ್ತಿದ್ದರು.

ಪ್ರವೀಣ ಹೊರೆಯಡಿಯಲ್ಲಿ ನಿಂತೇ ಇದ್ದ. ಕರೆದು ಹೇಳಬಹುದಿತ್ತು. ಬರ್ಸೀಮ್ ಇನ್ನೂ ಪೂರ್ತಿ ಸತ್ತಿರಲಿಲ್ಲ. ನಾಳೆ ಕೊಯ್ದರೂ ಅರ್ಧ ಉಳಿಯುತ್ತಿತ್ತು. ತಾರಸಿಯಿಂದ ಮಾವನ ನಗು ಕೇಳಿಸಿತು. ಅವನು ಶೆಡ್ಡಿನ ಕಡೆ ನಡೆದ.

ಜನವರಿ ಕೊನೆಯ ವಾರ ಗಾಳಿ ಎದ್ದು ಓಟ್ಸ್ ಅಡ್ಡಡ್ಡ ಮಲಗಿತು. ಆಗ ಫೋನಿನಲ್ಲಿ ಹರೀಶನ ಅಪ್ಪಣೆ ಬಂತು: ಕೊಯ್ಯಿ. ಕೊಯ್ದ. ದಂಟು ಬಲಿತಿತ್ತು. ಹಸುಗಳು ತುದಿ ತಿಂದು ಬುಡ ಬಿಟ್ಟವು. ಓಟ್ಸ್ ತೆಗೆದ ನೆಲವನ್ನು ನೋಡಿ ಅವನು ಕುಡುಗೋಲು ಕೆಳಗಿಟ್ಟ. ಇಷ್ಟಾಗುತ್ತದೆ ಎಂದು ಅವನೂ ಎಣಿಸಿರಲಿಲ್ಲ. ಬಿಳಿಚಿಕೊಂಡ ಎಳೆಗಳು ಕೊಳೆತು ಮಣ್ಣಿಗೆ ಅಂಟಿದ್ದವು. ನೀರು ಬಿಟ್ಟ. ಇಪ್ಪತ್ತು ದಿನ ಕಾದ. ಅಲ್ಲೊಂದು ಇಲ್ಲೊಂದು ಹಿಡಿ ಚಿಗುರಿತು, ಉಳಿದದ್ದು ಬೋಳು. ಏಪ್ರಿಲ್‌ವರೆಗೆ ನಾಲ್ಕೈದು ಕೊಯ್ಲು ಕೊಡಬೇಕಾಗಿದ್ದ ನೆಲ.

ಒಣ ಹುಲ್ಲಿಗೆ ಇಳಿದ ಮೇಲೆ ಹಾಲು ಇಳಿಯಿತು. ಮೊದಲು ಕಾಬರಿಯದು. ಹೋಟೆಲಿನಲ್ಲಿ ಮೊಸರು ನೀರಾಯಿತೆಂದು ಗಿರಾಕಿಗಳು ತಟ್ಟೆ ದೂಡಿದರು. ಜಶುಭಾಯಿ ಬದುವಿನಾಚೆಯಿಂದ ದಿನಕ್ಕೊಂದು ಹೊರೆ ಬರ್ಸೀಮ್ ಎಸೆದು, ಏನೂ ಕೇಳದೆ ಹೋಗುತ್ತಿದ್ದ. ಆ ಹೊರೆಯನ್ನು ಹದಿನಾಲ್ಕು ಪಾಲು ಮಾಡುವಾಗ ಪ್ರವೀಣ ಹಸುಗಳ ಮುಖ ನೋಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಮಾವನ ಕಾರು ಬಂತು. ಮಾವ, ಅತ್ತೆ, ನಮಿತಾ, ಹರೀಶ. ಹಿಂದೆ ಇನ್ನೊಂದು ಕಾರಿನಲ್ಲಿ ನಮಿತಾಳ ಮದುವೆಯ ಆಮಂತ್ರಣ ಬರೆಯಲು ಒಪ್ಪಿಕೊಂಡಿದ್ದ ಭೀಮಸೇನ ರಾಯರು, ರಮಾಮಣಿ. ಮಾವ ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದರು.

"ಎಂತ ಮಾಡಿಟ್ಟಿದ್ದಿ ನೋಡು! ಅವರು ಚಿನ್ನದ ಹಾಗಿನ ಬೆಳೆ ಎಬ್ಬಿಸಿ ಕೊಟ್ರು. ನೀರು ಸರಿ ಬಿಡಲಿಲ್ವಾ, ಗೊಬ್ಬರ ಹಾಕಲಿಲ್ವಾ? ನಿನ್ನ ಕೈ ತಾಗಿದ್ರೆ..."

"ಅಂಕಲ್, ಒಂದು ನಿಮಿಷ." ಹರೀಶ ಬೂಟು ಬಿಚ್ಚಿ ಆಗಲೇ ಮಡಿಯೊಳಗೆ ಕೂತಿದ್ದ. ಬರಿಗೈಯಲ್ಲಿ ಮಣ್ಣು ಕೆದಕಿ, ಒಂದು ಕೊಳೆತ ಬೇರನ್ನು ಎತ್ತಿ, ಬೆರಳುಗಳ ನಡುವೆ ತಿರುಗಿಸಿದ. ಅವನ ಕಿವಿ ಕೆಂಪಾಗಿತ್ತು. ಎದ್ದು ನಿಂತ. "ಇದು ಪ್ರವೀಣ್ ತಪ್ಪಲ್ಲ. ನೀರು, ಗೊಬ್ಬರ ಎಲ್ಲ ಸರಿ ಇದೆ. ಕೊಯ್ಲು ಲೇಟ್ ಆಯ್ತು. ನೆರಳಿಗೆ ಸತ್ತಿದೆ. ನಾನು ಬರ್ತೀನಿ ಅಂದೆ, ಬರಲಿಲ್ಲ. ಬಂದವನು ಬಗ್ಗಿ ನೋಡಲಿಲ್ಲ. ತಪ್ಪು ನನ್ನದು."

ಮಾವನ ಬಾಯಿ ಅರ್ಧ ತೆರೆದೇ ಇತ್ತು.

"ಇನ್ನೊಂದು ಮಾತು ಅಂಕಲ್. ಈ ಮಿಕ್ಸ್ ಐಡಿಯಾ ನನ್ನದಲ್ಲ. ಇವರ ಒಂದು ಮಡಿ ನೋಡಿ ಚಾರ್ಟ್ ಮಾಡಿದ್ದು ಅಷ್ಟೇ. ಆ ದಿನ ಹೇಳಬೇಕಿತ್ತು, ಹೇಳಲಿಲ್ಲ. ಎಲ್ಲರೂ ಹೊಗಳ್ತಾ ಇದ್ರು... ಚೆನ್ನಾಗಿ ಅನಿಸ್ತು."

ರಮಾಮಣಿ ಪ್ರವೀಣನ ಮುಖ ನೋಡಿದರು. ಸಾವಿತ್ರಿ ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ನೋಡಿ, ನಾನು ಆವತ್ತೇ ಹೇಳಿದ್ದೆ ಇವರಿಗೆ," ಎಂದರು. ಆವತ್ತು ಅವರು ಏನೂ ಹೇಳಿರಲಿಲ್ಲ.

ಶೆಟ್ಟರು ಗಂಟಲು ಸರಿಮಾಡಿಕೊಂಡರು. ಹೋಟೆಲಿನಲ್ಲಿ ಗಿರಾಕಿಯ ಎದುರು ಹಳಸಿದ ಸಾಂಬಾರು ಸಿಕ್ಕಿಬಿದ್ದಾಗ ಮಾಡುವ ಮುಖ ಮಾಡಿ, "ಹಾಗಾದ್ರೆ ಎಂತ ಮಾಡುವುದು? ಹರೀಶರು ಸದ್ಯ ಕೆಲಸ ಬಿಡುವುದು ಬೇಡ. ಜಮೀನು ಮೊದಲಿನ ಹಾಗೆ ಇವನೇ ನೋಡ್ಕೊಳ್ಳಲಿ. ಸೂರತ್ತಿಗೆ ಬೇರೆ ಯಾರನ್ನಾದ್ರೂ ಕಳಿಸುವ," ಎಂದರು. ಆಮೇಲೆ ರಾಯರ ಕಡೆ ತಿರುಗಿ, "ಒಟ್ಟಾರೆ ಹುಡುಗ ಕೆಲಸದಲ್ಲಿ ಗಟ್ಟಿ. ಎಷ್ಟಾದ್ರೂ ನಮ್ಮವನೇ ಅಲ್ವಾ," ಎಂದು ನಕ್ಕರು. ರಾಯರು "ಹೌದ್ ಹೌದ್ರಿ" ಎಂದರು. ಎಲ್ಲರೂ ಮನೆಯ ನೆರಳಿಗೆ ಹೊರಟರು. ಅತ್ತೆ ಡಬ್ಬಿಯಲ್ಲಿ ಗೋಳಿಬಜೆ ತಂದಿದ್ದರು.

ಹರೀಶ ಮಾತ್ರ ಹೋಗಲಿಲ್ಲ. ಬೂಟುಗಳನ್ನು ಕೈಯಲ್ಲಿ ಹಿಡಿದು, ಕೆಸರು ಮೆತ್ತಿದ ಪಾದಗಳಲ್ಲಿ ಬದುವಿನ ಮೇಲೆ ಬಂದು ನಿಂತ. ಪ್ರವೀಣನಿಗಿಂತ ಒಂದು ಗೇಣು ಎತ್ತರ. ಹತ್ತಿರದಿಂದ ನೋಡಿದರೆ ಅವನ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು.

"ಪ್ರವೀಣ್‌ಭಾಯ್," ಎಂದ ಮೆಲ್ಲಗೆ. "ನಿಮ್ಮ ಆ ಒಂದು ಮಡಿ ನೀವು ಐವತ್ತೆರಡನೇ ದಿನ ಕೊಯ್ದಿದ್ರಿ. ನನಗೆ ನೀವೇ ಹೇಳಿದ್ದು. ನಾನು ಮರೆತೆ. ನೀವು ಮರೆಯೋ ಜನ ಅಲ್ಲ." ಬೂಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಉತ್ತರಾಯಣದ ದಿನ ನಾನು ಕೇಳ್ದಾಗ, ನಿಮಗೆ ಗೊತ್ತಿತ್ತಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಪ್ರವೀಣನ ಬಳಿ ಉತ್ತರವಿತ್ತು. ನಾಲ್ಕು ತಿಂಗಳಿಂದ ಕಟ್ಟಿಟ್ಟುಕೊಂಡ ಉತ್ತರ, ಒಂದೊಂದು ಮಾತನ್ನೂ ಮಸೆದು ಇಟ್ಟಿದ್ದ.

ಅವನು ತಿರುಗಿ ನಡೆದ. ಬದು ದಾಟಿ, ಪಂಪಿನ ಮನೆ ದಾಟಿ, ಶೆಡ್ಡಿನ ಉದ್ದಕ್ಕೂ ನಡೆದ. ಅವನ ಹೆಜ್ಜೆಯ ಸದ್ದಿಗೆ ಮಲಗಿದ್ದ ಹಸುಗಳು ಒಂದೊಂದಾಗಿ ಎದ್ದು, ಗೋದಲಿಯ ಮೇಲೆ ಕತ್ತು ಚಾಚಿ ಅವನ ಖಾಲಿ ಕೈಗಳ ಕಡೆ ನೋಡಿದವು. ಅವನು ನಿಲ್ಲಲಿಲ್ಲ. ಹದಿನಾಲ್ಕು ತಲೆಗಳೂ ಅವನ ಜೊತೆ ಜೊತೆಗೇ ತಿರುಗಿದವು, ಶೆಡ್ಡಿನ ಕೊನೆಯವರೆಗೆ.